ಏಕಲವ್ಯನ ಕಥೆಯನ್ನು ಸಮುದಾಯ ಕಲಿಕೆಗೆ ಆಡಿಸುವಾಗ: ನಿರೂಪಕನದೇ ಮಾತು, ಚರ್ಚೆ ಎರಡೇ ನಿಮಿಷ

ಕಟ್ಟೆಮಾತು:
12ರಿಂದ 60 ವರ್ಷದವರೆಗಿನ 20 ಜನ, 90 ನಿಮಿಷದ 6 ತರಗತಿ, ಕೊನೆಗೆ 15 ನಿಮಿಷದ ನಾಟಕ, ಆಮೇಲೆ ಚರ್ಚೆ. ಕಲಿಯುವ ಹಕ್ಕು ಯಾರಿಗೆ ಅನ್ನುವುದು ವಿಷಯ, ಅದಕ್ಕೆ ಏಕಲವ್ಯನ ಕಥೆ. ತೊಡಕು ಎರಡು. ನಿರೂಪಕ ಕಥೆಯನ್ನೆಲ್ಲ ತಾನೇ ಹೇಳಿಬಿಡುತ್ತಾನೆ, ಉಳಿದವರು ಕಂಬದ ಹಾಗೆ ನಿಲ್ಲುತ್ತಾರೆ. ಇನ್ನು ಚರ್ಚೆ, "ಗುರುಭಕ್ತಿ ದೊಡ್ಡದು", "ಇಲ್ಲ, ದ್ರೋಣ ಮೋಸಗಾರ" ಅನ್ನುವಷ್ಟಕ್ಕೇ ಮುಗಿಯುತ್ತದೆ. ಎಲ್ಲಿ ತಿದ್ದಬೇಕು?

ಮಣ್ಣಿನ ಮೂರ್ತಿ:
ನಿರೂಪಕನನ್ನೇ ತೆಗೆದುಬಿಡಿ. ಪಾತ್ರ ಮಾಡುವವರೇ ತಮ್ಮ ಬಗ್ಗೆ "ನಾನು" ಅನ್ನದೆ "ಅವನು" ಎಂದು ಕಥೆ ಹೇಳುತ್ತ ಆಡಲಿ. ಅಮೆರಿಕದ ರಂಗನಿರ್ದೇಶಕ ಪಾಲ್ ಸಿಲ್ಸ್ 1970ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಒಯ್ದ ಸ್ಟೋರಿ ಥಿಯೇಟರ್ ಪದ್ಧತಿ ಇದೇ. ಕಥೆಯನ್ನು ಆರು ದೃಶ್ಯ ಮಾಡಿ, ದೃಶ್ಯಕ್ಕೆ ಐದಾರು ವಾಕ್ಯ ಸಾಕು. ಯಾರ ಬಾಯಲ್ಲೂ ಸತತ ಎರಡು ವಾಕ್ಯ ಬೇಡ.

ಎಲ್ಲರೂ ಎಡವುವುದು ಒಂದೇ ಕಡೆ: ಮೈ ತೋರಿಸಿದ್ದನ್ನೇ ಮಾತೂ ಹೇಳುತ್ತದೆ. ಮಣ್ಣು ಕಲಸುತ್ತ "ಏಕಲವ್ಯ ಮಣ್ಣು ಕಲಸಿದ" ಎಂದರೆ ಮಾತು ದಂಡ. ಕೈ ಕಲಸುತ್ತಿರಲಿ, ಬಾಯಿ "ಗುರುವಿನ ಮೂಗು ಹೇಗಿತ್ತೆಂದು ಅವನಿಗೆ ನೆನಪಾಗಲಿಲ್ಲ" ಅನ್ನಲಿ. ಮೂರ್ತಿ ಬೇರೆ ಮಾಡಿಸಬೇಡಿ. ದ್ರೋಣನ ಪಾತ್ರದವರೇ ಬಂದು ಕೂರಲಿ, ಏಕಲವ್ಯ ಅವರ ತೋಳು, ಗದ್ದ ತಿದ್ದಿ ನಿಲ್ಲಿಸಲಿ. ಕೊನೆಯ ದೃಶ್ಯದಲ್ಲಿ ಅದೇ ಮೂರ್ತಿ ಎದ್ದು ದಕ್ಷಿಣೆ ಕೇಳಿದಾಗ ಸಭೆ ಗಪ್‌ಚಿಪ್ ಆಗುತ್ತದೆ.

ನಾಯಿಯ ದೃಶ್ಯವನ್ನು ಗುಂಪಿಗೆ ಬಿಡಿ. ಮಹಾಭಾರತದಲ್ಲಿ ಬಾಣ ಏಳು, ಹಾಗಾಗಿ ಏಳು ಜನ. ಒಬ್ಬೊಬ್ಬರೂ ನೀಟಾಗಿ ಚಾಚಿದ ಕೈಯನ್ನು ಬೊಗಳುವವರ ಬಾಯಿಂದ ಒಂದು ಗೇಣು ದೂರದಲ್ಲಿ ತಂದು ನಿಲ್ಲಿಸುತ್ತಾರೆ. ಪ್ರತಿ ಕೈಗೂ ಬೊಗಳು ಸಣ್ಣದಾಗಬೇಕು, ಏಳನೆಯದಕ್ಕೆ ನಿಲ್ಲಬೇಕು. ಮುಟ್ಟಕೂಡದು. ಮುಟ್ಟಿದರೆ ನಗು ಬರುತ್ತದೆ, ದೃಶ್ಯ ಹೋಯಿತು.

ಹೆಬ್ಬೆರಳಿಗೆ ಕೆಂಪು ಬಟ್ಟೆ, ಚಾಕು ಏನೂ ಬೇಡ. ಬೆರಳನ್ನು ಅಂಗೈಯೊಳಕ್ಕೆ ಮಡಚಲಿ, ಆಮೇಲೆ ಆ ನಟ ಆಟ ಮುಗಿಯುವವರೆಗೂ ಅದನ್ನು ಬಿಡಿಸಕೂಡದು. ಎರಡನೇ ತರಗತಿಯಲ್ಲೇ ಎಲ್ಲರೂ ಹೆಬ್ಬೆರಳು ಮಡಚಿಕೊಂಡು ಅಂಗಿಯ ಗುಂಡಿ ಹಾಕಲಿ, ಹಗ್ಗಕ್ಕೆ ಗಂಟು ಬಿಗಿಯಲಿ, ಪೆನ್ನು ಹಿಡಿದು ಹೆಸರು ಬರೆಯಲಿ. ಕಿತ್ತುಕೊಂಡದ್ದು ಏನೆಂಬುದು ಆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ತಡೆಯಿರಿ:
ಆಟದ ಮಟ್ಟಿಗೆ ಒಪ್ಪಿದೆ. ಆದರೆ "ಸರಿಯೋ ತಪ್ಪೋ" ಎಂಬ ಪ್ರಶ್ನೆ ಇಟ್ಟುಕೊಂಡರೆ ಎಷ್ಟು ಚೆನ್ನಾಗಿ ಆಡಿದರೂ ಚರ್ಚೆ ಸಾಯುತ್ತದೆ, ಅದು ಓಟು ಹಾಕುವ ಪ್ರಶ್ನೆ. ಬ್ರೆಜಿಲ್‌ನ ರಂಗನಿರ್ದೇಶಕ ಅಗಸ್ಟೋ ಬೋಲ್ (1931–2009) ರೂಪಿಸಿದ ಫೋರಂ ಥಿಯೇಟರ್ ಇಲ್ಲಿ ಹೊಂದುತ್ತದೆ. ಮೊದಲು ಪೂರ್ತಿ ಆಡಿ. ಎರಡನೇ ಸಲ ಆಡುವಾಗ ಪ್ರೇಕ್ಷಕರು "ನಿಲ್ಲಿಸಿ" ಎಂದು ಕೂಗಿ, ಪಾತ್ರದ ಜಾಗಕ್ಕೆ ತಾವೇ ಬಂದು ಬೇರೆ ದಾರಿ ಆಡಿ ತೋರಿಸುತ್ತಾರೆ.

ದ್ರೋಣನನ್ನು ಮಾತ್ರ ಬದಲಿಸಲು ಬಿಡಬೇಡಿ. ಗುರುವೇ ಒಳ್ಳೆಯವನಾಗಿಬಿಟ್ಟರೆ ಮುಂದೆ ಆಡಲು ಏನೂ ಉಳಿಯುವುದಿಲ್ಲ. ಏಕಲವ್ಯನ ಜಾಗಕ್ಕೆ ಬರಲಿ, ಇಲ್ಲವೇ ಸುಮ್ಮನೆ ನೋಡುತ್ತ ನಿಂತ ಶಿಷ್ಯರ ಜಾಗಕ್ಕೆ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಸಭೆಯಲ್ಲಿ ಕೂತವರಲ್ಲಿ ಹೆಚ್ಚಿನವರು ಇರುವುದೇ ಅಲ್ಲಿ. ದ್ರೋಣನ ಪಾತ್ರದವರು ಬೇಗ ಸೋಲಬಾರದು, ಬಂದವರ ಬಾಯಿಯನ್ನೂ ಮುಚ್ಚಿಸಬಾರದು. ಈ ಅಂದಾಜಿಗೇ ಒಂದು ಪೂರ್ತಿ ತರಗತಿ ಬೇಕು. ಒಬ್ಬೊಬ್ಬರ ಸರದಿಗೆ ಮೂರು ನಿಮಿಷ, ನಾಲ್ಕೈದು ಸರದಿ ಸಾಕು.

ಪಾತ್ರ ಹಂಚುವಾಗ ಎಚ್ಚರ. ನಿಜ ಬದುಕಿನಲ್ಲಿ ಹೊರಗಿಟ್ಟವರ ಕೈಗೇ ಏಕಲವ್ಯನನ್ನು ಕೊಟ್ಟರೆ ಸಭೆ ಪಾತ್ರ ಬಿಟ್ಟು ಅವರನ್ನೇ ನೋಡುತ್ತದೆ. ಹೆಗಲ ಮೇಲೊಂದು ಟವೆಲ್ ಇರಲಿ, ಅದು ಯಾರ ಹೆಗಲಿಗೆ ಬಂತೋ ಅವರು ಆ ದೃಶ್ಯದ ಏಕಲವ್ಯ. "ನಿಮಗೂ ಹೀಗಾಗಿದೆಯಾ?" ಎಂದು ಯಾರನ್ನೂ ಎಲ್ಲರೆದುರು ಕೇಳಬೇಡಿ.

ಕಟ್ಟೆಮಾತು:
ಟವೆಲ್ ಉಪಾಯ ಸಿಕ್ಕಿತು, ಥ್ಯಾಂಕ್ಸ್. ಇನ್ನೊಂದು: "ಪುರಾಣ ತಿರುಚಿದಿರಿ" ಎಂಬ ತಕರಾರು ಬಂದರೆ?

ಓಲೆಗರಿ:
ಮೂಲದ್ದು ಬಿಳಿ ಕಾಗದದಲ್ಲಿ, ನೀವು ಸೇರಿಸಿದ್ದು ಹಳದಿ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ, ಪ್ರೇಕ್ಷಕರಿಗೂ ಕಾಣಲಿ. ಮೂಲ ಓದಿದವರೇ ಕಡಿಮೆ. ಏಕಲವ್ಯ ನಿಷಾದರಾಜ ಹಿರಣ್ಯಧನುವಿನ ಮಗ, ಬೆರಳು ಹೋದ ಮೇಲೂ ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಮೊದಲಿನ ವೇಗ ಇರಲಿಲ್ಲ. ಇದು ಬಿಳಿ ಕಾಗದದ್ದೇ. ಆಟವನ್ನು ದಕ್ಷಿಣೆಗೆ ನಿಲ್ಲಿಸದೆ ಇಲ್ಲಿಯವರೆಗೆ ತನ್ನಿ. ಬೆರಳು ಮಡಚಿದ ಕೈ ಮತ್ತೆ ಬಿಲ್ಲು ಎತ್ತಲಿ. ಬಾಣ ಬಿಡುವ ಮೊದಲೇ "ನಿಲ್ಲಿಸಿ" ಸುತ್ತು ಶುರುಮಾಡಿ.