ಸಹಾಯ ಬೇಕು: ವಯಸ್ಸಾದ ಕ್ಯಾನ್ಸರ್ ಪೇಷಂಟ್‌ಗಳ ಅಸೆಸ್‌ಮೆಂಟ್
ಎಲ್ರಿಗೂ ನಮಸ್ಕಾರ, ನಾನು ಹಳ್ಳಿ ಕ್ಲಿನಿಕ್‌ನಲ್ಲಿ ನರ್ಸ್. 70 ದಾಟಿದ ಕ್ಯಾನ್ಸರ್ ಪೇಷಂಟ್‌ಗಳಿಗೆ ಕೀಮೋಗೆ ಮುಂಚೆ ಜಿ8 ಅನ್ನೋ ಚಿಕ್ಕ ಸ್ಕ್ರೀನಿಂಗ್ ಟೆಸ್ಟ್ ಮಾಡ್ತಿದೀವಿ, 8 ಪ್ರಶ್ನೆ, 17ಕ್ಕೆ 14 ಅಥವಾ ಕಮ್ಮಿ ಬಂದ್ರೆ ಪೂರ್ತಿ ಅಸೆಸ್‌ಮೆಂಟ್ ಆಗ್ಬೇಕು, ಆದ್ರೆ ಅದನ್ನ ಮಾಡೋಕೆ ವಯಸ್ಸಾದೋರನ್ನ ನೋಡೋ ಸ್ಪೆಷಲಿಸ್ಟ್ ನಮ್ಮಲ್ಲಿಲ್ಲ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ವಾಪಸ್ ಬಂದು ಕೂರೋ ಟೆಸ್ಟ್ ಮಾತ್ರ ನಾನೇ ಮಾಡಿಸ್ತೀನಿ. ಮೊನ್ನೆ ಒಬ್ರು ಅಜ್ಜಿ ಏನ್ ಕೇಳಿದ್ರೂ "ಚೆನ್ನಾಗಿದೀನಿ ಕಣಮ್ಮ" ಅಂದ್ರು, ಎದ್ದು ನಿಂತ್ಮೇಲೂ ಕುರ್ಚಿ ಹಿಡ್ಕೊಂಡಿದ್ದ ಕೈ ಬಿಡ್ಲೇ ಇಲ್ಲ. ಮಗ ಪಕ್ಕದಲ್ಲಿದ್ರೆ ಬಿದ್ದಿದ್ದು, ಊಟ ಸೇರದೇ ಇರೋದು ಯಾವ್ದೂ ಬಾಯ್ಬಿಡಲ್ಲ, ಅವ್ರನ್ನ ಒಬ್ರನ್ನೇ ಕೂರಿಸ್ಕೊಂಡು ಕೇಳ್ಬೇಕು ಅನ್ಸುತ್ತೆ ನಂಗೆ. ನೆನಪಿನ ಶಕ್ತಿ, ಮನಸ್ಸಿನ ಬೇಜಾರು, ಎಷ್ಟು ಥರ ಮಾತ್ರೆ ನುಂಗ್ತಾರೆ, ಮನೇಲಿ ನೋಡ್ಕೊಳ್ಳೋರ್ಯಾರು ಇದೆಲ್ಲ ಕೇಳೋಕೆ ಆಡುಮಾತಲ್ಲಿರೋ ಫಾರ್ಮ್ ಯಾರ ಹತ್ರನಾದ್ರೂ ಇದ್ರೆ ದಯವಿಟ್ಟು ಹಾಕಿ. ಫೋನಲ್ಲಿ ಕೇಳಿ ತುಂಬಿದ್ರೆ ನಡೆಯುತ್ತಾ, ಮಾಡಿ ನೋಡಿರೋರು ಹೇಳಿ.