ದಕ್ಷಿಣ ಸೂಡಾನ್‌ಗೆ ಹೊರಡೋ ಮುಂಚೆ ಗೆಳೆಯರಿಗೆಲ್ಲ ಹೇಳಿ ಬರೋದು ಯಾವಾಗ, ಹೇಗೆ?

ತುಂಗೆದಂಡೆ:
ನಾನು ನರ್ಸ್, ಶಿವಮೊಗ್ಗದಲ್ಲಿ ಕೆಲಸ. ವೈದ್ಯಕೀಯ ನೆರವು ಸಂಸ್ಥೆಯೊಂದರಿಂದ ದಕ್ಷಿಣ ಸೂಡಾನ್‌ಗೆ 9 ತಿಂಗಳ ಕಾಂಟ್ರಾಕ್ಟ್ ಬಂದಿದೆ. ಡಿಸೆಂಬರ್ ಎರಡನೇ ವಾರ ಹೊರಡಬೇಕು ಅಂದಿದ್ದಾರೆ, ವೀಸಾ ಇನ್ನೂ ಕೈಗೆ ಬಂದಿಲ್ಲ. ಹೇಳಿ ಬರಲೇಬೇಕಾದವರು ಇಪ್ಪತ್ತು ಜನ. ಅರ್ಧ ಜನ ಶಿವಮೊಗ್ಗದಲ್ಲೇ ಇದ್ದಾರೆ, ಉಳಿದವರು ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿ ಕಡೆ. ಒಂದು ಭಾನುವಾರ ಹಾಲ್ ಹಿಡಿದು ಎಲ್ಲರಿಗೂ ಊಟ ಹಾಕಿಸಿಬಿಡೋದಾ, ಇಲ್ಲ ಮನೆಮನೆಗೆ ಹೋಗೋದಾ? ಹೊರಡೋಕೆ ಎಷ್ಟು ದಿನ ಮುಂಚೆ? ಇಂಥ ಕೆಲಸದ ಬಗ್ಗೆ ಗೊತ್ತಿರೋರು ಹೇಳಿ.

ಆಗುಂಬೆಘಾಟಿ:
ಮೊದಲು ದಿನಾಂಕದ ವಿಷಯ. ವೀಸಾ ಬರದೆ ಹಾಲ್‌ಗೆ ಅಡ್ವಾನ್ಸ್ ಕೊಡಬೇಡಿ. ನೆರವು ಕೆಲಸದಲ್ಲಿ ಹೊರಡೋ ದಿನ ಮುಂದಕ್ಕೆ ಹೋಗೋದೇ ಹೆಚ್ಚು. ನಿಮಗೆ ಇನ್ನೊಂದು ಗಂಟೂ ಇದೆ. ಎಮಿಗ್ರೇಷನ್ ಕ್ಲಿಯರೆನ್ಸ್ (ಕೆಲಸಕ್ಕೆ ಹೊರದೇಶಕ್ಕೆ ಹೋಗೋಕೆ ನಮ್ಮ ಸರ್ಕಾರದ ಅನುಮತಿ) ಬೇಕಾದ ದೇಶಗಳ ಪಟ್ಟಿಯಲ್ಲಿ ದಕ್ಷಿಣ ಸೂಡಾನ್ ಇದೆ. ಪಾಸ್‌ಪೋರ್ಟ್ ಇಸಿಎನ್‌ಆರ್ (ಆ ಕ್ಲಿಯರೆನ್ಸ್ ಬೇಡದ ವರ್ಗ) ಆಗಿದ್ದರೂ, ನರ್ಸ್ ಕೆಲಸಕ್ಕೆ ಆ ದೇಶಗಳಿಗೆ ಹೋಗುವವರಿಗೆ 2015ರಿಂದ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್ ಮೂಲಕ ಅನುಮತಿ ಬೇಕು. ನಿಮ್ಮ ಕಾಂಟ್ರಾಕ್ಟಿಗೆ ಅದು ಹೇಗೆ ಅನ್ವಯಿಸುತ್ತೆ ಅಂತ ಸಂಸ್ಥೆಯ ಎಚ್‌ಆರ್‌ಗೆ ಇವತ್ತೇ ಬರೆದು ಕೇಳಿ. ವಿಮಾನ ನಿಲ್ದಾಣದಲ್ಲಿ ತಡೆದು ವಾಪಸ್ ಕಳಿಸಿದರೆ, ಬೀಳ್ಕೊಟ್ಟ ಗೆಳೆಯರ ಮುಂದೆ ಮರುದಿನವೇ ಹೋಗಿ ನಿಲ್ಲಬೇಕಾಗುತ್ತೆ.

ಎರಡನೆಯದು ಹಳದಿ ಜ್ವರದ ಲಸಿಕೆ. ಹಾಕಿಸಿಕೊಂಡ 10 ದಿನದ ಮೇಲಷ್ಟೇ ಸರ್ಟಿಫಿಕೇಟ್ ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತೆ. ಅಧಿಕೃತ ಕೇಂದ್ರಗಳಲ್ಲಿ ಮಾತ್ರ ಹಾಕ್ತಾರೆ, ಹಾಗಾಗಿ ಬೆಂಗಳೂರಿಗೆ ಒಂದು ದಿನ ಎತ್ತಿಡಿ. ಅದಿಲ್ಲದೆ ಅಲ್ಲಿಗೆ ಪ್ರವೇಶ ಸಿಗಲ್ಲ. ವಾಪಸ್ ಬರುವಾಗ ಇಲ್ಲೂ 6 ದಿನದವರೆಗೆ ಕ್ವಾರಂಟೈನ್ ಹಾಕಬಹುದು. ಲಸಿಕೆ ಆದ ಮೇಲೆ ಕೆಲವರಿಗೆ ಸಣ್ಣ ಜ್ವರ, ಮೈಕೈ ನೋವು ಬರುತ್ತೆ. ಆ ವಾರ ಯಾರ ಮನೆಗೂ ಬರ್ತೀನಿ ಅಂತ ಮಾತು ಕೊಡಬೇಡಿ.

ನನ್ನ ಲೆಕ್ಕ: ದೂರದ ಹಳ್ಳಿಯವರನ್ನು ನವೆಂಬರ್‌ನಲ್ಲೇ ನೋಡಿ ಬನ್ನಿ, ಅದಕ್ಕೆ ವೀಸಾ ಕಾಯಬೇಕಿಲ್ಲ. ಶಿವಮೊಗ್ಗದವರನ್ನು ಟಿಕೆಟ್ ಬಂದ ಮೇಲೆ ನೋಡಿದರಾಯ್ತು. ಕೊನೆಯ ಎರಡು ದಿನ ಮನೆಯವರಿಗೆ ಮಾತ್ರ.

ಹೊಸನಗರದವ:
ಹಾಲ್ ಊಟ ಬೇಡವೇ ಬೇಡ ಮಾರಾಯ್ರೆ. ಇಪ್ಪತ್ತು ಜನರ ಮಧ್ಯೆ ಒಬ್ಬೊಬ್ಬರಿಗೆ ಐದು ನಿಮಿಷವೂ ಸಿಗಲ್ಲ, ಫೋಟೋ ಹೊಡೆಯೋದ್ರಲ್ಲೇ ಮುಗಿದುಹೋಗುತ್ತೆ. ಅದೂ ನವೆಂಬರ್–ಡಿಸೆಂಬರ್ ಅಂದ್ರೆ ಅಡಿಕೆ ಕೊಯ್ಲು. ತೋಟದವರಿಗೆ ಆಗ ಭಾನುವಾರ ಅನ್ನೋದೇ ಇಲ್ಲ. ಕೊನೆಗಾರ (ಮರ ಹತ್ತಿ ಅಡಿಕೆ ಗೊನೆ ಇಳಿಸೋನು) ಬಂದ ದಿನ ಮನೆಬಿಟ್ಟು ಹೊರಡೋ ಹಾಗಿಲ್ಲ, ಕೊಯ್ದದ್ದನ್ನ ಸುಲಿದು ಬೇಯಿಸದೆ ಇಡೋ ಹಾಗೂ ಇಲ್ಲ. ಕರೆದರೆ ಬಾಯಲ್ಲಿ ಹ್ಞೂಂ ಅಂತಾರೆ, ಬರಲ್ಲ. ಆಮೇಲೆ ಇಬ್ಬರಿಗೂ ಬೇಜಾರು.

ಅದರ ಬದಲು ಸಂಜೆ ಅವರು ಸುಲಿಯೋಕೆ ಕೂತಲ್ಲಿಗೇ ನೀವು ಹೋಗಿ. ಕೈ ಕೆಲಸ ಮಾಡ್ತಿರುತ್ತೆ, ಮಾತಿಗೆ ಬೇಕಾದಷ್ಟು ಹೊತ್ತು ಸಿಗುತ್ತೆ. ಊಟಕ್ಕೆ ನಿಲ್ಲಿ ಅಂದ್ರೆ ನಿಲ್ಲಿ, ಆದರೆ ಮುಂಚೆಯೇ ಫೋನ್ ಮಾಡಿ. ಸುಲಿಯೋರಿಗೆಲ್ಲ ಅಡುಗೆ ಮಾಡ್ತಿರೋ ಮನೆಯಲ್ಲಿ ನಿಮಗಂತ ಬೇರೆ ಕಡುಬು ಬೇಯಿಸೋ ಹಾಗೆ ಆಗಬಾರದು.

ದಾರಿ: ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ, ಆನಂದಪುರ ಮೇಲೆ ವಾಪಸ್ ಶಿವಮೊಗ್ಗ. ಒಂದೇ ಸುತ್ತು, ಬಂದ ದಾರೀಲಿ ತಿರುಗಿ ಬರೋದಿಲ್ಲ. ಎರಡು ರಾತ್ರಿ ಇಟ್ಟುಕೊಳ್ಳಿ, ದಿನಕ್ಕೆ ಮೂರು ಮನೆ ಮೀರಬೇಡಿ. ಒಳದಾರಿಯಲ್ಲಿ ಸಿಗ್ನಲ್ ಇರಲ್ಲ, ಮನೆ ಗುರುತು ಬರೆದಿಟ್ಟುಕೊಳ್ಳಿ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆ ಯಾರಾದರೂ ಇದ್ದರೆ ಈಗ ಲಾಂಚ್ ಕಾಯಬೇಕಿಲ್ಲ, 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗಿದೆ.

ತುಂಗೆದಂಡೆ:
ಸುಲಿಯೋ ಹೊತ್ತಿಗೆ ಹೋಗೋದು ತಲೆಗೇ ಬಂದಿರಲಿಲ್ಲ, ಥ್ಯಾಂಕ್ಸ್. ಇನ್ನೊಂದು ತಲೆಬಿಸಿ. ಹೋದಲ್ಲೆಲ್ಲ ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು (ತೆಳ್ಳನೆ ಗರಿಗರಿ ಸಿಹಿ) ಅಂತ ಕಟ್ಟಿಕೊಡ್ತಾರೆ. ಬೇಡ ಅನ್ನೋದು ಹೇಗೆ? ಮತ್ತೆ ‘ದಿನಾ ವಿಡಿಯೋ ಕಾಲ್ ಮಾಡು’ ಅನ್ನೋರಿಗೆ ಏನು ಹೇಳ್ಲಿ?

ಬೇಸ್‌ಕ್ಯಾಂಪ್:
ಕಟ್ಟಿಕೊಡೋದಕ್ಕೆ ತೂಕದ ಕಾರಣವನ್ನೇ ಹೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಅಂತರರಾಷ್ಟ್ರೀಯ ವಿಮಾನದಲ್ಲಿ ಎಷ್ಟೇ ಬಿಟ್ಟರೂ, ರಾಜಧಾನಿ ಜುಬಾದಿಂದ ಒಳನಾಡಿಗೆ ಹೋಗೋದು ಸಾಮಾನ್ಯವಾಗಿ ಯುಎನ್‌ಹಾಸ್‌ನ (ನೆರವು ಕೆಲಸದವರಿಗಾಗಿ ಇರೋ ವಿಶ್ವಸಂಸ್ಥೆಯ ವಿಮಾನ ಸೇವೆ) ಸಣ್ಣ ವಿಮಾನದಲ್ಲಿ. ಅಲ್ಲಿ 20 ಕೆಜಿ ಅಂತ ಲೆಕ್ಕ ಹಾಕಿಯೇ ಪ್ಯಾಕ್ ಮಾಡಿ. ಬೂಟು, ಸೊಳ್ಳೆಪರದೆ, ಔಷಧಿ, ಬಟ್ಟೆಗೇ 16–17 ಕೆಜಿ ಆಗುತ್ತೆ. ಎಲ್ಲರಿಂದ ಸೇರಿ ಒಂದೇ ಡಬ್ಬಿ, ಅರ್ಧ ಕೆಜಿ ಒಳಗೆ, ಅಂತ ಒಬ್ಬ ಗೆಳತಿಗೆ ಒಪ್ಪಿಸಿಬಿಡಿ. ಮಿಡಿ ಉಪ್ಪಿನಕಾಯಿಯ ರಸ ಸೋರುತ್ತೆ. ರಸ ಬಸಿದು, ಎರಡು ಪದರ ಪ್ಲಾಸ್ಟಿಕ್ ಸುತ್ತಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿಟ್ಟರೆ ಭದ್ರತಾ ತಪಾಸಣೆಯಲ್ಲಿ ಹೋಯ್ತು. ತೊಡದೇವು ಪುಡಿಯಾಗುತ್ತೆ, ಅದನ್ನ ಇಲ್ಲೇ ತಿಂದು ಹೋಗಿ.

ಫೋನ್ ವಿಷಯ ಎದುರಿಗೆ ಕೂತಾಗಲೇ ಇತ್ಯರ್ಥ ಮಾಡಿಕೊಳ್ಳಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ನಿಮಗೆ ಬಿಡುವಾಗೋದು ಸಂಜೆ ಏಳಕ್ಕೆ, ಆಗ ಇಲ್ಲಿ ರಾತ್ರಿ ಹತ್ತೂವರೆ, ಮಲೆನಾಡು ಮಲಗಿರುತ್ತೆ. ಅಲ್ಲಿನ ಮಧ್ಯಾಹ್ನ ಒಂದು ಗಂಟೆ ಇಲ್ಲಿನ ನಾಲ್ಕೂವರೆ ಚಹಾದ ಹೊತ್ತು, ಅದೇ ಸರಿ. ಕ್ಯಾಂಪಿನಲ್ಲಿ ಸ್ಯಾಟಲೈಟ್ ಇಂಟರ್ನೆಟ್ ಎಲ್ಲರಿಗೂ ಹಂಚಿಕೆ ಆಗಿರೋದರಿಂದ ವಿಡಿಯೋ ಕಾಲ್ ನಿಂತು ನಿಂತು ಬರುತ್ತೆ. ವಾಯ್ಸ್ ಮೆಸೇಜ್ ಕಳಿಸೋದು ಅಭ್ಯಾಸ ಮಾಡಿಸಿ. ‘ಒಂದು ವಾರ ಸುದ್ದಿ ಇಲ್ಲ ಅಂದ್ರೆ ನೆಟ್ ಇಲ್ಲ ಅಂತ ತಿಳ್ಕೊ, ಅದಕ್ಕೂ ಹೆಚ್ಚಾದರೆ ಇಂಥವರನ್ನ ಕೇಳು’ ಅಂತ ಒಂದು ಹೆಸರು ಕೊಡಿ, ಸಾಮಾನ್ಯವಾಗಿ ಅದು ಮನೆಯವರಲ್ಲೇ ಒಬ್ಬರು. ಸಂಸ್ಥೆಯ ತುರ್ತು ನಂಬರ್ ಅವರ ಹತ್ತಿರ ಮಾತ್ರ ಇರಲಿ. ಇಪ್ಪತ್ತು ಜನ ಅಲ್ಲಿಗೆ ಫೋನ್ ಮಾಡಿದರೆ ನಿಜವಾದ ಕರೆ ಹೋಗಲ್ಲ.

ಫೋಟೋ ಕೇಳಬೇಡಿ ಅಂತಲೂ ಹೇಳಿ. ಅಲ್ಲಿ ಅನುಮತಿಯಿಲ್ಲದೆ ಕ್ಯಾಮೆರಾ ಎತ್ತಿದರೆ ಪೊಲೀಸ್ ಹಿಡೀತಾರೆ. ‘ನಾಳೆ ಇಂಥಲ್ಲಿಗೆ ಹೋಗ್ತಿದೀನಿ’ ಅಂತ ವಾಟ್ಸಾಪ್ ಗ್ರೂಪಿಗೆ ಹಾಕೋದನ್ನೂ ಸಂಸ್ಥೆಗಳು ಬಿಡಲ್ಲ. ಇನ್ನೊಂದು: ನಡುವೆ ರಜೆ ಸಿಕ್ಕಿದರೂ ಅದು ಒಂದು ವಾರದ್ದು, ಬಹಳ ಜನ ನೈರೋಬಿಗೋ ಕಂಪಾಲಾಗೋ ಹೋಗಿ ನಿದ್ದೆ ಮಾಡ್ತಾರೆ. ಯುಗಾದಿಗೆ ಬರ್ತೀನಿ ಅಂತ ಯಾರಿಗೂ ಹೇಳಬೇಡಿ.

ಸೊಸೈಟಿ_ಗುಮಾಸ್ತ:
ಎಲ್ಲರೂ ಊಟದ ಮಾತಾಡಿದ್ರಿ, ಲೆಕ್ಕದ ಮಾತು ಯಾರೂ ಎತ್ತಲಿಲ್ಲ. ಗೆಳೆಯರ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ್ದೀರಾ? ಬಾಯಲ್ಲಿ ‘ನಾನು ಹೋಗ್ತಿದೀನಿ’ ಅಂದ ಮಾತ್ರಕ್ಕೆ ಜಾಮೀನು ಬಿಡುಗಡೆ ಆಗಲ್ಲ. ಸಾಲಗಾರ ಬೇರೆ ಜಾಮೀನುದಾರನ ಹೆಸರು ಕೊಟ್ಟು ಅರ್ಜಿ ಹಾಕಬೇಕು, ಸೊಸೈಟಿ ಅದನ್ನ ಒಪ್ಪಬೇಕು. ಇದಕ್ಕೆ ವಾರಗಳೇ ಹಿಡಿಯುತ್ತೆ, ಆ ಗೆಳೆಯನ ಮನೆಗೆ ಮೊದಲು ಹೋಗಿ.

ಸ್ಕೂಟರ್ ಗೆಳತಿಗೆ ಕೊಟ್ಟು ಹೋಗೋದಾದರೆ ಫಾರ್ಮ್ 29, 30 ಸಹಿ ಮಾಡಿ ಆರ್‌ಸಿ ವರ್ಗಾಯಿಸಿ, ಇನ್ಶೂರೆನ್ಸನ್ನೂ ಅವಳ ಹೆಸರಿಗೆ ಮಾಡಿಸಿ. ಇಲ್ಲಾಂದ್ರೆ ಅಪಘಾತವಾದರೆ ನೋಟಿಸ್ ಬರೋದು ನಿಮ್ಮ ಹೆಸರಿಗೇ. ಚೀಟಿ ನಡೀತಿದ್ದರೆ ಉಳಿದ ಕಂತು ಯಾರು ಕಟ್ಟೋದು ಅಂತ ಬರೆದು ಕೊಡಿ. ಕೈಸಾಲ ಇದ್ದರೆ ತೀರಿಸಿಯೇ ಹೊರಡಿ.

ಸಿಮ್ ಕೂಡ. ಪ್ರಿಪೇಯ್ಡ್ ನಂಬರ್ 90 ದಿನ ಬಳಸದೆ, ಕರೆನ್ಸಿಯೂ ಇಲ್ಲದೆ ಬಿದ್ದಿದ್ದರೆ ರದ್ದಾಗಿ ಬೇರೆಯವರ ಕೈಗೆ ಹೋಗಬಹುದು. ಹೋದರೆ ಬ್ಯಾಂಕ್ ಓಟಿಪಿ, ವಾಟ್ಸಾಪ್ ಎರಡೂ ಹೋದ ಹಾಗೆ. ಹೊರಡೋ ಮುಂಚೆ ರೋಮಿಂಗ್ ಆನ್ ಮಾಡಿಸಿ, ವಾಟ್ಸಾಪ್‌ಗೆ ಟೂ-ಸ್ಟೆಪ್ ಪಿನ್ ಹಾಕಿ, ತಿಂಗಳ ರೀಚಾರ್ಜ್ ಒಬ್ಬ ಗೆಳತಿಗೆ ಒಪ್ಪಿಸಿ ದುಡ್ಡು ಮುಂಗಡ ಕೊಡಿ. ಉಪ್ಪಿನಕಾಯಿ ಡಬ್ಬಿಯವಳಿಗೇ ಇದನ್ನೂ ಹೊರಿಸಬೇಡಿ, ಬೇರೆಯವರಿಗೆ ಕೊಡಿ.