ಸಂಜೆಯಾದರೆ ಸಿಹಿ ಬೇಕೇ ಬೇಕು, ಇದು ಚಟವಾ?

ಮಡಿಕೇರಿಯಿಂದ ಪ್ರಶ್ನೆ: ಮಳೆ ಹಿಡಿದರೆ ಸಾಕು, ಸಂಜೆ ನಾಲ್ಕಕ್ಕೆ ಬಾಯಿ ಸಿಹಿ ಕೇಳುತ್ತದೆ. ಬೆಲ್ಲದ ಕಾಫಿ, ಜೊತೆಗೆ ಹೋಂಮೇಡ್ ಚಾಕೊಲೇಟ್. ಒಂದೇ ತುಂಡು ಅಂತ ಡಬ್ಬಿ ತೆಗೆದರೆ ಅಷ್ಟಕ್ಕೆ ನಿಲ್ಲುವುದಿಲ್ಲ. ಇದು ನಿಜವಾಗಿ ಚಟವಾ? ಕಡಿಮೆ ಮಾಡಿಕೊಂಡವರು ದಯವಿಟ್ಟು ಹೇಳಿ.

ಗೋಣಿಕೊಪ್ಪದಿಂದ: ಅಕ್ಕ, ಮೊದಲು ಮಧ್ಯಾಹ್ನದ ಊಟ ನೋಡಿಕೊಳ್ಳಿ. ಕಾಫಿ ಕೊಯ್ಲಿನ ಸಮಯದಲ್ಲಿ ಚೀಲ ತೂಕ ಹಾಕಿ ಮುಗಿಸುವಷ್ಟರಲ್ಲಿ ನಮ್ಮ ಊಟದ ಹೊತ್ತು ಮೀರಿರುತ್ತದೆ. ಆಮೇಲೆ ಮೈಸೂರ್ ಪಾಕ್ ಕಂಡರೆ ಕೈ ತಡೆಯದು. ಈಗ ಕೆಲಸ ಎಷ್ಟೇ ಇರಲಿ, ಹೊತ್ತಿಗೆ ಸರಿಯಾಗಿ ಅನ್ನ, ಕಡಲೆ ಸಾರು ಇಲ್ಲವೇ ಮೊಟ್ಟೆ ತಿಂದುಬಿಡುತ್ತೇನೆ. ಸಂಜೆಯ ಆಸೆ ಅರ್ಧಕ್ಕರ್ಧ ಇಳಿದಿದೆ.

ಚಟವಾ ಅಂತ ಕೇಳಿದಿರಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಇಲಿಗಳಿಗೆ ದಿನದ 12 ಗಂಟೆ ಏನೂ ಕೊಡದೆ, ಆಮೇಲೆ ಆಹಾರದ ಜೊತೆ ಸಕ್ಕರೆ ನೀರು ಇಟ್ಟು ನೋಡಿದರು. ಅವು ಮುಗಿಬಿದ್ದು ಕುಡಿದವು, ಸಿಗದಿದ್ದಾಗ ಚಡಪಡಿಸಿದವು. ಯಾವಾಗಲೂ ಸಕ್ಕರೆ ಸಿಗುತ್ತಿದ್ದ ಇಲಿಗಳು ಹಾಗೆ ಮುಗಿಬೀಳಲಿಲ್ಲ. ಅದಕ್ಕೇ ಊಟ ಬಿಡಬೇಡಿ ಅಂತ ಒತ್ತಿ ಹೇಳುತ್ತಿದ್ದೇನೆ. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಡಿಎಸ್‌ಎಂ–5 ಕೈಪಿಡಿಯಲ್ಲಿ ಮದ್ಯ, ತಂಬಾಕಿನ ಚಟ ಇದೆ, ಸಕ್ಕರೆಯದ್ದು ಇಲ್ಲ. ಹಾಗಂತ ನಿಮ್ಮ ಕಷ್ಟ ಸುಳ್ಳು ಅಂತ ಯಾರೂ ಹೇಳಲಾಗದು.

ಸೋಮವಾರಪೇಟೆಯಿಂದ: ನಮ್ಮ ಕಡೆ ಬೆಲ್ಲ, ಜೇನನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಸಕ್ಕರೆಯ ಮಿತಿಯಲ್ಲಿ ಅವೂ ಸೇರುತ್ತವೆ. ದಿನಕ್ಕೆ ಸುಮಾರು 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು, ಅಂದರೆ ಆರು ಟೀ ಚಮಚ. ಮೂರ್ನಾಲ್ಕು ಲೋಟ ಬೆಲ್ಲದ ಕಾಫಿಯಲ್ಲೇ ಅದು ಮುಗಿಯಿತು. ನಾವು ಕಾಫಿ ಪಾತ್ರೆಗೆ ಹಾಕುವ ಬೆಲ್ಲದ ಅಚ್ಚನ್ನು ವಾರ ವಾರ ಸ್ವಲ್ಪ ಚಿಕ್ಕದಾಗಿ ಒಡೆಯುತ್ತಾ ಬಂದೆವು. ಮಾವನವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಕೊಡವರ ಕಕ್ಕಡ ತಿಂಗಳ 18ರ ಮದ್ದು ಪಾಯಸ, ಸುಗ್ಗಿ ಹಬ್ಬ ಪುತ್ತರಿಯ ತಂಬುಟ್ಟು ಮಾತ್ರ ಬಿಟ್ಟಿಲ್ಲ, ನೀವೂ ಬಿಡಬೇಡಿ. ಚಾಕೊಲೇಟ್ ಡಬ್ಬಿಯನ್ನು ಅಡುಗೆಮನೆ ಕಟ್ಟೆಯಿಂದ ತೆಗೆದು ಅಟ್ಟಕ್ಕೆ ಏರಿಸಿ. ಸುಮ್ನೆ ಹೇಳುತ್ತಿಲ್ಲ, ಕಣ್ಣಿಗೆ ಬೀಳದಿದ್ದರೆ ಕೈ ಹೋಗುವುದು ಕಡಿಮೆ.

ವಿರಾಜಪೇಟೆಯಿಂದ: ಒಂದು ಮುಖ್ಯ ವಿಷಯ. ಮನೆಯಲ್ಲಿ ಯಾರಾದರೂ ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದು, ಕೈ ನಡುಗಿ, ಬೆವರಿ, ಸಿಹಿ ಬೇಕು ಅಂದರೆ ಅದನ್ನು ಬಾಯಿಚಪಲ ಅನ್ನಬೇಡಿ. ಶುಗರ್ ಕೆಳಗಿಳಿದಿರಬಹುದು. ಎಚ್ಚರ ಇದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಿ, ಆಮೇಲೆ ಡಾಕ್ಟರಿಗೆ ತಿಳಿಸಿ.